ಕಪಾಟಿನಲ್ಲಿರುವ ಹಳೆಯ ಗಣಕಯಂತ್ರಗಳು

ಹುಕ್ಕೇರಿಯಲ್ಲಿ ನನ್ನ ಕಪಾಟಿನ ಹಳೆಯ ಗಣಕಯಂತ್ರಗಳನ್ನು ಕಂಡವರು, ಇವು ಗುಜರಿಗೆ ಹೋಗಬೇಕಾದ ಸಾಮಾನೆಂದು ನಗುವುದುಂಟು. ನಾನು ಒಪ್ಪಲಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎಂಜಿನಿಯರರೂ ಕೂಡಿ ರೂಪಿಸಿದ ಅಂಗೈಗಣಕ ಸಿಂಪ್ಯೂಟರನ್ನೇ ನೋಡಿರಿ. 2004ರಲ್ಲಿ ಮಾರಾಟಕ್ಕೆ ಬಂದ ಅದರ ‘ಅಮಿಡಾ’ ಮಾದರಿಯೊಳಗೆ ವೇಗೋತ್ಕರ್ಷಮಾಪಕವಿದ್ದು, ಹಿಡಿದ ಕೈಯನ್ನು ತುಸು ಕೊಡವಿದರೆ ಪುಟ ಮಗುಚುತ್ತಿತ್ತು. ಐಫೋನು ಬಂದುದು 2007ರಲ್ಲಿ! ಇದನ್ನು ಓದಿ ತಿಳಿಯುವುದು ಬೇರೆ, ಯಂತ್ರವನ್ನು ನಡೆಸಿ ನೋಡುವುದು ಬೇರೆ.

ಆದರೆ ಸಂಗ್ರಾಹಕರದೂ ತಪ್ಪುಂಟು. ಗಾಜಿನ ಹಿಂದಿಟ್ಟು ಮರೆತರೆ, ಕೆಲವು ಹಳೆಯ ಗಣಕಗಳಲ್ಲಿ ಗಡಿಯಾರಕ್ಕೆಂದು ಬೆಸೆದಿರುವ ನಿಕ್ಕಲ್-ಕ್ಯಾಡ್ಮಿಯಂ ಕೋಶವು ಸೋರಿ, ಅದರ ಕ್ಷಾರವು ತಾಮ್ರದ ಗೆರೆಗಳನ್ನು ತಿಂದುಹಾಕುತ್ತದೆ. ನನ್ನ ಯಂತ್ರವೊಂದು ಹೀಗೆಯೇ ಕೆಟ್ಟಿತು. ವಿದ್ಯಾರ್ಥಿಮಿತ್ರರೇ, ನಿಮ್ಮ ಅಟ್ಟದ ಮೇಲೆಯೂ ಗಣಕವಿದ್ದರೆ, ಗುಜರಿಯವನನ್ನು ಕರೆಯುವ ಮುನ್ನ ಅಧ್ಯಾಪಕರಿಗೊಮ್ಮೆ ತೋರಿಸಿ, ಅವರ ನೆರವಿನಿಂದ ಆ ಕೋಶವನ್ನು ತೆಗೆಸಿರಿ.