ಫಿನ್ಲೆಂಡ್ ನಮಗೇಕೆ ಎನ್ನುವವರಿಗೆ

ಹೋದ ಸಂಚಿಕೆಯಲ್ಲಿ ಫಿನ್ಲೆಂಡಿನ ಅಕಿ ಕೌರಿಸ್ಮಾಕಿಯ ಸಿನಿಮಾಗಳ ಬಗ್ಗೆ ಬರೆಸಿದ್ದಕ್ಕೆ ಬೈಗುಳ ಬಂದಿದೆ. ಓದುಗರಿಗಿಂತ ಹೆಚ್ಚು ಉರಿದದ್ದು ಬೆಂಗಳೂರಿನ ಸಹೋದರ ಪತ್ರಿಕೆಯೊಂದಕ್ಕೆ. ಚಾಮರಾಜನಗರದಲ್ಲಿ ಕೂತವರು ಮಾದಪ್ಪ, ಮಂಟೇಸ್ವಾಮಿ, ಸೋಲಿಗರ ಹಾಡು, ಬಂಡೀಪುರದ ಹುಲಿ, ಇಷ್ಟು ಬರೆದುಕೊಂಡಿದ್ದರೆ ಸಾಕಂತೆ. ಜಗತ್ತಿನ ಸಿನಿಮಾ ನೋಡಿ ನಮಗೆ ತಿಳಿಸಿಕೊಡುವ ಗುತ್ತಿಗೆ ಅವರದಂತೆ. ಮಾದಪ್ಪನ ಪರಸೆಗೆ ನಡೆದು ಹೋಗುವವರು ರಾತ್ರಿ ಮನೆಯಲ್ಲಿ ಕೂತು ಹೆಲ್ಸಿಂಕಿಯ ಕತೆ ನೋಡಬಾರದು ಎಂದು ಯಾವ ಶಾಸ್ತ್ರದಲ್ಲಿದೆಯೋ ಗೊತ್ತಿಲ್ಲ.

ಕೌರಿಸ್ಮಾಕಿ ‘ಅರ್ಥವಾಗದ ಕಲಾತ್ಮಕ ಚಿತ್ರ’ದವನು ಎಂಬುದು ಅವರ ಇನ್ನೊಂದು ತಕರಾರು. ಸಿನಿಮಾ ನೋಡದೆ ಬರೆದಿದ್ದಾರೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. 1990ರ ‘ಬೆಂಕಿಕಡ್ಡಿ ಕಾರ್ಖಾನೆಯ ಹುಡುಗಿ’ ಶುರುವಾಗುವುದು ಹೇಗೆ? ಮರದ ದಿಮ್ಮಿಯೊಂದು ಯಂತ್ರಕ್ಕೆ ಬೀಳುತ್ತದೆ. ಹಾಳೆ ಹಾಳೆಯಾಗಿ ಸುಲಿದುಕೊಳ್ಳುತ್ತದೆ, ಕಡ್ಡಿಯಾಗುತ್ತದೆ, ಪೊಟ್ಟಣ ಸೇರುತ್ತದೆ. ಕೊನೆಗೆ ಎರಡು ಕೈ, ಲೇಬಲ್ ಸರಿಯಾಗಿ ಅಂಟಿದೆಯೋ ಇಲ್ಲವೋ ಎಂದು ನೋಡುತ್ತಿವೆ. ಆ ಕೈಗಳ ಒಡತಿಯ ಮುಖ ಕಾಣುವುದು ಆಮೇಲೆ. ಮಾತು ಕೇಳುವುದು ಇನ್ನೂ ಎಷ್ಟೋ ಹೊತ್ತಿಗೆ. ಮನೆಯ ಟೀವಿಯಲ್ಲಿ ತಿಯಾನನ್ಮೆನ್ ಚೌಕದ ಸುದ್ದಿ ಬರುತ್ತಿದ್ದರೆ ಅವ್ವ, ಮಲತಂದೆ ಇಬ್ಬರೂ ರೆಪ್ಪೆ ಅಲುಗಿಸದೆ ನೋಡುತ್ತಾರೆ. ಸಂತೆಮರಹಳ್ಳಿಯಲ್ಲಿ ರೇಷ್ಮೆ ನೂಲು ತೆಗೆದವರಿಗೆ, ಕರಿಕಲ್ಲಿನ ಕ್ವಾರಿಯಲ್ಲಿ ಧೂಳು ಕುಡಿದವರಿಗೆ, ಗುಂಡ್ಲುಪೇಟೆಯಲ್ಲಿ ಓಣಂ ಲಾರಿಗೆ ಚೆಂಡುಹೂ ಕಿತ್ತು ತುಂಬಿದವರಿಗೆ ಇದರಲ್ಲಿ ಅರ್ಥವಾಗದ್ದು ಏನಿದೆ? ಅರ್ಥವಾಗದಿರುವುದು ಕೂಲಿ ಮಾಡಿ ಗೊತ್ತಿಲ್ಲದ ವಿಮರ್ಶಕರಿಗೆ.

ಅವನ ನಗೆಯೂ ನಮ್ಮದೇ. ‘ಏರಿಯಲ್’ನಲ್ಲಿ (1988) ಗಣಿ ಮುಚ್ಚಿ ಕೆಲಸ ಕಳೆದುಕೊಂಡವನು ಕ್ಯಾಡಿಲಾಕ್ ಕಾರಿನಲ್ಲಿ ಹೊರಡುತ್ತಾನೆ, ಅದರ ಟಾಪು ಮುಚ್ಚಲು ಬಾರದೆ ಕೊರೆಯುವ ಚಳಿಯಲ್ಲಿ ತಲೆಗೆ ವಸ್ತ್ರ ಸುತ್ತಿಕೊಂಡು ಓಡಿಸುತ್ತಾನೆ. 1996ರ ‘ತೇಲುವ ಮೋಡಗಳು’ ಚಿತ್ರದಲ್ಲಿ ಟ್ರಾಮ್ ಚಾಲಕರ ಪೈಕಿ ಯಾರನ್ನು ಮನೆಗೆ ಕಳಿಸಬೇಕೆಂದು ಇಸ್ಪೀಟ್ ಎಲೆ ಎತ್ತಿಸಿ ತೀರ್ಮಾನಿಸುತ್ತಾರೆ. ಯಾರೂ ನಗುವುದಿಲ್ಲ. ಕಾಲಿಟ್ಟರೆ ಕುರ್ಚಿ ಹೋಗುತ್ತದೆಂದು ಮುಖ್ಯಮಂತ್ರಿಗಳು ವರ್ಷಗಟ್ಟಲೆ ದೂರವಿಟ್ಟ ಊರು ನಮ್ಮದು. ಸಿದ್ದರಾಮಯ್ಯನವರು ಮತ್ತೆ ಮತ್ತೆ ಬಂದು ಆ ಭಯ ಬಿಡಿಸಬೇಕಾಯಿತು. ಇಂಥ ಊರಿನವರಿಗೆ ಮುಖ ಗಂಟಿಕ್ಕಿಕೊಂಡು ನಗುವುದನ್ನು ಯಾರೂ ಹೇಳಿಕೊಡಬೇಕಿಲ್ಲ.

ಇವನನ್ನು ನಮಗೆ ಕೊಟ್ಟದ್ದು ಯಾವ ಉತ್ಸವವೂ ಅಲ್ಲ. ಬೆಂಗಳೂರಿನ ಅಂತರರಾಷ್ಟ್ರೀಯ ಚಿತ್ರೋತ್ಸವ ಒಂದೆರಡು ಸಲ ಮೈಸೂರಿನತನಕ ಬಂತು, ಅಲ್ಲಿಂದ 60 ಕಿಲೋಮೀಟರ್ ದಾಟಲಾಗಲಿಲ್ಲ. ‘ಏರಿಯಲ್’, ‘ಬೆಂಕಿಕಡ್ಡಿ’ ಸೇರಿ ಮೂರು ಚಿತ್ರಗಳ ಡಿವಿಡಿ ಕಟ್ಟು ಅಮೆರಿಕದಲ್ಲಿ 2008ರಲ್ಲಿ ಬಂತು. ಅದು ಯಾರದೋ ಸೂಟ್‌ಕೇಸಿನಲ್ಲಿ ಬೆಂಗಳೂರಿಗೆ, ಬೆಂಗಳೂರಿನಿಂದ ಕೆಂಪು ಬಸ್ಸಿನಲ್ಲಿ ಇಲ್ಲಿಗೆ ಬಂದು ಮನೆಯಿಂದ ಮನೆಗೆ ಹೋಯಿತು. ಮನೆಯ ಟೀವಿಯೇ ನಮ್ಮ ಚಿತ್ರಸಮಾಜ. 1973ರಲ್ಲಿ ಕೆ.ವಿ. ಸುಬ್ಬಣ್ಣ ಹೆಗ್ಗೋಡಿನಲ್ಲಿ ನೀನಾಸಂ ಚಿತ್ರಸಮಾಜ ಕಟ್ಟಿದಾಗಲೂ ‘ಹಳ್ಳಿಯವರಿಗೆ ಇದೆಲ್ಲ ಯಾಕೆ’ ಎನ್ನುವ ಜನ ಇದ್ದೇ ಇದ್ದರು. ಅಡಿಕೆ ತೋಟದವರು ‘ಬೈಸಿಕಲ್ ಥೀವ್ಸ್’ ನೋಡಿದರು, ಅದರ ಬಗ್ಗೆ ಮಾತಾಡಿದರು. ಆ ಮಾತನ್ನು 2012ರ ‘ಸೆಲ್ಯುಲಾಯ್ಡ್ ಮ್ಯಾನ್’ ಸಾಕ್ಷ್ಯಚಿತ್ರದಲ್ಲಿ ಯಾರು ಬೇಕಾದರೂ ಕೇಳಬಹುದು.

ನಮ್ಮ ನಿಜವಾದ ಸಿಟ್ಟು ಬೇರೆಯದು. ಫಿನ್ಲೆಂಡಿನವನ ಚಿತ್ರ ನಮಗೆ ಕನ್ನಡಿಯಷ್ಟು ಸ್ವಚ್ಛವಾಗಿ ಸಿಗುತ್ತದೆ, ಕನ್ನಡದ್ದು ಸಿಗುವುದಿಲ್ಲ. ಸ್ವರ್ಣಕಮಲ ಪಡೆದ ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ 1977ರದು. ಅದಕ್ಕೆ ಮರುಜೀವ ಬಂದು ವೆನಿಸ್‌ನಲ್ಲಿ ತೆರೆ ಕಂಡದ್ದು 2024ರಲ್ಲಿ, ಅದೂ ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಶ್ರಮದಿಂದ, ‘ಸ್ಟಾರ್ ವಾರ್ಸ್’ ಮಾಡಿದ ಜಾರ್ಜ್ ಲೂಕಾಸ್ ಕುಟುಂಬದ ಪ್ರತಿಷ್ಠಾನದ ದುಡ್ಡಿನಲ್ಲಿ. ರಾಜ್ಯೋತ್ಸವಕ್ಕೆ ಹೊದಿಸುವ ಶಾಲುಗಳ ಖರ್ಚಿನಲ್ಲಿ ಎಷ್ಟು ರೀಲು ಉಳಿಯುತ್ತಿತ್ತೋ ಲೆಕ್ಕ ಹಾಕುವವರಿಲ್ಲ. ರಾಜ್‌ಕುಮಾರ್ ಹುಟ್ಟಿದ ಗಾಜನೂರು ನಮ್ಮ ಗಡಿಯಾಚೆ ಕೂಗಳತೆಯಲ್ಲಿದೆ. ಅವರ ಹಳೆಯ ಚಿತ್ರಗಳನ್ನೇ ಕಲೆ ಕಲೆಯಾದ, ತಲೆ ಕತ್ತರಿಸಿದ ಪ್ರತಿಗಳಲ್ಲಿ ನೋಡುತ್ತಿದ್ದೇವೆ. ‘ಪರದೇಶಿ ವ್ಯಾಮೋಹ’ ಎಂದು ನಮ್ಮನ್ನು ಹಂಗಿಸುವವರು ಇದರ ಬಗ್ಗೆ ಒಂದು ಸಾಲು ಬರೆದದ್ದನ್ನು ನಾವು ಕಂಡಿಲ್ಲ.

ಜಿಲ್ಲಾ ಕೇಂದ್ರದ ಗ್ರಂಥಾಲಯದಲ್ಲಿ ಪುಸ್ತಕದ ಬೀರುವಿನ ಪಕ್ಕ ಸಿನಿಮಾದ ಬೀರು ಇರಲಿ, ನೋಡಲೊಂದು ಕೋಣೆ ಇರಲಿ. ಮೊದಲು ‘ಸಂಸ್ಕಾರ’, ‘ಚೋಮನ ದುಡಿ’, ‘ಕಾಡು’, ಆಮೇಲೆ ಕೌರಿಸ್ಮಾಕಿ. ಇದು ಬೇಡಿಕೆ, ವಿನಂತಿಯಲ್ಲ.

ಈ ಸಂಚಿಕೆ ‘ಮನೆಯಲ್ಲಿ ನೋಡಿದ ಸಿನಿಮಾ’ ವಿಶೇಷ. ಬೈಯುವವರಿಗೆ ಎಂದಿನಂತೆ ಪುಟ ತೆರೆದಿದೆ. ಒಂದೇ ಷರತ್ತು, ಈ ಸಲ ಸಿನಿಮಾ ನೋಡಿ ಬೈಯಬೇಕು.

— ಸಂಪಾದಕ