ತಾನೇ ಸತ್ತು ತಾನೇ ಹುಟ್ಟುವ ಕಂಪ್ಯೂಟರ್: ಕಾರಣ ಕೇಳುವ ಹಕ್ಕು ಕನ್ನಡಿಗನಿಗಿಲ್ಲವೇ?

ಬೆಂಗಳೂರಿನ ಗಾಜಿನ ಕಟ್ಟಡಗಳಲ್ಲಿ ಕೂತು ಪರದೇಶದವರ ಕಂಪ್ಯೂಟರಿನ ಕಾಯಿಲೆಗೆ ಮದ್ದು ಅರೆಯುವ ಕನ್ನಡದ ಹುಡುಗ ಹುಡುಗಿಯರೇ, ನಿಮಗೊಂದು ಪ್ರಶ್ನೆ. ಊರಲ್ಲಿ ನಿಮ್ಮ ಅಪ್ಪಯ್ಯನ ಕಂಪ್ಯೂಟರ್ ಹತ್ತು ನಿಮಿಷಕ್ಕೊಮ್ಮೆ ತಾನಾಗಿಯೇ ಆರಿ ತಾನಾಗಿಯೇ ಹೊತ್ತಿಕೊಳ್ಳುತ್ತಿದೆಯಲ್ಲ, ಅದಕ್ಕೆ ಮದ್ದು ಅರೆಯುವವರು ಯಾರು?

ನಾನು ಶೃಂಗೇರಿ ತಾಲ್ಲೂಕಿನ ನೆಮ್ಮಾರಿನವನು. ಓದಿದ್ದು ಪಿಯುಸಿ, ಹೊಟ್ಟೆಪಾಡಿಗೆ ಪ್ರೆಸ್ಸು. ಲಗ್ನಪತ್ರಿಕೆ, ಬಿಲ್ ಬುಕ್ಕು, ಸೊಸೈಟಿಯ ವಾರ್ಷಿಕ ವರದಿ ಅಚ್ಚು ಹಾಕುತ್ತೇನೆ. 2020ರ ಲಾಕ್‌ಡೌನಿನಲ್ಲಿ ನೀವೆಲ್ಲ ಊರಿಗೆ ಬಂದು ಗುಡ್ಡದ ನೆತ್ತಿಯಲ್ಲಿ ನೆಟ್‌ವರ್ಕ್ ಹುಡುಕುತ್ತ ಕೂತಿದ್ದು ನೆನಪಿದೆಯೇ? ವಾಪಸು ಹೋಗುವಾಗ ಮನೆಗೊಂದು ಕಂಪ್ಯೂಟರ್ ಬಿಟ್ಟು ಹೋದಿರಿ. ಸಂತೋಷ. ಈಗ ಅದು ಕೆಟ್ಟಿತೆಂದು ಅಪ್ಪಯ್ಯ ಫೋನ್ ಮಾಡಿದರೆ ನಿಮ್ಮ ಉತ್ತರ ಒಂದೇ: 'ಅಂಗಡಿಗೆ ಕೊಡಿ, ಫಾರ್ಮ್ಯಾಟ್ ಮಾಡ್ತಾರೆ.' ಅವರು ಅದನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ನನ್ನ ಪ್ರೆಸ್ಸಿಗೆ ತರುತ್ತಾರೆ. ಫಾರ್ಮ್ಯಾಟ್ ಮಾಡಿದರೆ ಹತ್ತು ವರ್ಷದ ತೋಟದ ಲೆಕ್ಕ, ಮೊಮ್ಮಕ್ಕಳ ಫೋಟೋ ಎಲ್ಲ ತುಂಗೆಯ ಪಾಲು. ಕಾಯಿಲೆ ಮಾತ್ರ ಹಾಗೇ ಇರುತ್ತದೆ! ಜ್ವರ ಬಂದವನ ತಲೆ ಬೋಳಿಸಿ ಕಳಿಸಿದ ಹಾಗೆ.

ಈ ರೀಸ್ಟಾರ್ಟ್ ಒಂದು ರೋಗವಲ್ಲ ಮಾರಾಯ್ರೆ, ರೋಗದ ಲಕ್ಷಣ. ಒಳಗೆ ದೊಡ್ಡ ತಪ್ಪಾದಾಗ ವಿಂಡೋಸ್ ಪರದೆಯ ಮೇಲೆ ಕಾರಣದ ಗುರುತು ತೋರಿಸುತ್ತದೆ. ಆದರೆ ನಾವು ಓದುವ ಮೊದಲೇ ತಾನಾಗಿ ರೀಸ್ಟಾರ್ಟ್ ಆಗುವಂತೆ ಅದನ್ನು ಕಂಪನಿಯೇ ಹೊಂದಿಸಿಟ್ಟಿದೆ. ಅದನ್ನು ತಪ್ಪಿಸಬಹುದು. ವಿಂಡೋಸ್ ಗುಂಡಿ ಮತ್ತು ಆರ್ ಒಟ್ಟಿಗೆ ಒತ್ತಿ, 'ಎಸ್‌ವೈಎಸ್‌ಡಿಎಂ ಡಾಟ್ ಸಿಪಿಎಲ್' ಎಂದು ಟೈಪಿಸಿ, ಅಡ್ವಾನ್ಸ್ಡ್, ಅದರೊಳಗೆ ಸ್ಟಾರ್ಟಪ್ ಅಂಡ್ ರಿಕವರಿ, ಅಲ್ಲಿ 'ಆಟೋಮ್ಯಾಟಿಕಲಿ ರೀಸ್ಟಾರ್ಟ್' ಎದುರಿನ ಟಿಕ್ ತೆಗೆಯಿರಿ. ಇನ್ನು ಮುಂದೆ ಕಾರಣ ಪರದೆಯ ಮೇಲೆ ನಿಂತಿರುತ್ತದೆ, ಬರೆದುಕೊಳ್ಳಬಹುದು. ಒಂದು ಟಿಕ್ ತೆಗೆಯುವ ವಿದ್ಯೆ! ಇಷ್ಟನ್ನು ಅಪ್ಪನಿಗೆ ಕನ್ನಡದಲ್ಲಿ ಹೇಳಲು ನಿಮ್ಮ ನಾಲಗೆಗೆ ಏನಾಗಿದೆ?

ಟಿಕ್ ತೆಗೆದ ಮೇಲೂ ಏನೂ ತೋರಿಸದೆ ದೀಪ ಆರಿದ ಹಾಗೆ ಪಕ್ಕನೆ ಹೋಗುತ್ತಿದ್ದರೆ ಮೊದಲ ಅನುಮಾನ ಕರೆಂಟಿನ ಮೇಲೆ, ಇಲ್ಲವೇ ಬಿಸಿಯ ಮೇಲೆ. ನಮ್ಮ ಮಲೆನಾಡಿನಲ್ಲಂತೂ ಕರೆಂಟೇ. ತೋಟದ ಪಂಪು ಹಾಕಿದ ಕ್ಷಣ ವೋಲ್ಟೇಜು ಕುಸಿಯುತ್ತದೆ. ಯುಪಿಎಸ್ಸಿನ ಬ್ಯಾಟರಿ ಎರಡು ಮೂರು ವರ್ಷಕ್ಕೆ ಸತ್ತಿರುತ್ತದೆ, ಹಸಿರು ದೀಪ ಮಾತ್ರ ಉರಿಯುತ್ತಿರುತ್ತದೆ. ಯುಪಿಎಸ್ ಬಿಟ್ಟು ನೇರ ಗೋಡೆಯ ಪ್ಲಗ್ಗಿಗೆ ಹಾಕಿ ನೋಡಿ. ಸರಿಹೋದರೆ ಕಳ್ಳ ಸಿಕ್ಕಿದ. ಏಪ್ರಿಲ್-ಮೇ ತಿಂಗಳ ಗುಡುಗಿನ ಮಳೆಗೆ ಫೋನಿನ ತಂತಿಯಲ್ಲೇ ಸಿಡಿಲು ಒಳಗೆ ಬರುತ್ತದೆ, ಆಗ ಪ್ಲಗ್ಗನ್ನೂ ಆ ತಂತಿಯನ್ನೂ ಕಿತ್ತಿಡಬೇಕು. ಆಟ ಆಡುವಾಗ, ವಿಡಿಯೋ ನೋಡುವಾಗ ಮಾತ್ರ ಹೋಗುತ್ತದೆಂದರೆ ಫ್ಯಾನಿಗೆ ಧೂಳು ಕಟ್ಟಿದೆ, ಇಲ್ಲವೇ ಪ್ರೊಸೆಸರ್ ಮೇಲಿನ ಪೇಸ್ಟು ಒಣಗಿದೆ. ಅಲ್ಲವೆಂದಾದರೆ ಎಸ್‌ಎಂಪಿಎಸ್ಸಿಗೆ ಭಾರ ಹೊರಲು ಆಗುತ್ತಿಲ್ಲ. ಪ್ಲಗ್ ಕಿತ್ತು ರ‍್ಯಾಮ್ ತೆಗೆದು, ಅದರ ಹೊಳೆಯುವ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಮತ್ತೆ ಕೂರಿಸಿ. ನಮ್ಮ ಮಳೆಗಾಲದ ತೇವಕ್ಕೆ ಇದೊಂದರಿಂದಲೇ ಎಷ್ಟೋ ಯಂತ್ರ ಬದುಕಿವೆ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಅದರೊಳಗೆ ಹೊಡೆಯುವಷ್ಟು ಕರೆಂಟು ಉಳಿದಿರುತ್ತದೆ.

ಕೆಲವು ಅಂಗಡಿಯವರು ಈವೆಂಟ್ ವ್ಯೂವರ್ ತೆರೆದು 'ಕರ್ನಲ್ ಪವರ್ 41' ಎಂಬ ಕೆಂಪು ಗುರುತು ತೋರಿಸಿ, ಮದರ್‌ಬೋರ್ಡ್ ಹೋಯಿತು ಎಂದು ಹೆದರಿಸುತ್ತಾರೆ. ಯಂತ್ರ ಸರಿಯಾಗಿ ಮುಚ್ಚದೆ ನಿಂತುಹೋಗಿತ್ತು ಎಂದಷ್ಟೇ ಅದರ ಅರ್ಥ. ಯಾಕೆ ನಿಂತಿತು ಎಂದು ಆ ಗುರುತು ಹೇಳುವುದಿಲ್ಲ. ಇಂಗ್ಲಿಷ್ ಅಕ್ಷರಕ್ಕೆ ಹೆದರಿ ನಮ್ಮ ಜನ ಅಡಿಕೆ ಮಾರಿದ ದುಡ್ಡು ಎಣಿಸಿ ಕೊಟ್ಟು ಬರುತ್ತಾರೆ. ಭಾಷೆ ಗೊತ್ತಿಲ್ಲದವನ ಜೇಬಿಗೆ ಕೈ ಹಾಕುವುದು ಎಂದರೆ ಇದೇ! ನನ್ನ ಪ್ರೆಸ್ಸಿನ ಯಂತ್ರಕ್ಕೆ ಗ್ಯಾರಂಟಿ ಇದ್ದಾಗ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದೆ. ಅರ್ಧ ಗಂಟೆ ಹಿಂದಿ ಪಾಠ ಕೇಳಿಸಿಕೊಂಡು ಫೋನ್ ಇಟ್ಟೆ.

ಕನ್ನಡ ಕಂಪ್ಯೂಟರಿಗೆ ಹೊಸತೇ? 1991ರ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡ ಲಿಪಿಗೆ ಜಾಗವಿತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಬಂದ ಕನ್ನಡ ಫಾಂಟಿನ ಹೆಸರೇನು ಗೊತ್ತೇ? ತುಂಗಾ! ನಮ್ಮ ನೆಮ್ಮಾರಿನ ಪಕ್ಕದಲ್ಲಿ ಹರಿಯುವ ಹೊಳೆಯ ಹೆಸರು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವೇ 'ನುಡಿ'ಗೆ ಬುನಾದಿಯಾಯಿತು. ವಿಂಡೋಸ್ 11ಕ್ಕೆ ಕನ್ನಡದ ಭಾಷಾ ಪ್ಯಾಕ್ ಪುಕ್ಕಟೆ ಸಿಗುತ್ತದೆ, ಅರ್ಧಂಬರ್ಧವಾದರೂ ಮೆನು ಕನ್ನಡದಲ್ಲಿ ಬರುತ್ತದೆ. ಆದರೆ ಇಲ್ಲೊಂದು ಮೋಸ ಕೇಳಿ. ನಮ್ಮಲ್ಲಿ ಮಾರುವ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ 'ಹೋಮ್ ಸಿಂಗಲ್ ಲ್ಯಾಂಗ್ವೇಜ್' ಎಂಬ ಆವೃತ್ತಿ ತುಂಬಿರುತ್ತಾರೆ. ಇಂಗ್ಲಿಷ್ ಹಾಕಿ ಕೊಟ್ಟರೆ ಇಂಗ್ಲಿಷೇ ಗತಿ. ಪರದೆಗೆ ಕನ್ನಡ ತರಬೇಕೆಂದರೆ ಮತ್ತೆ ದುಡ್ಡು ಸುರಿದು ಬೇರೆ ಆವೃತ್ತಿ ಕೊಳ್ಳಬೇಕು. ಅಂಗಡಿಯಲ್ಲಿ ಬಣ್ಣ ಕೇಳುತ್ತೀರಿ, ರ‍್ಯಾಮ್ ಎಷ್ಟೆಂದು ಕೇಳುತ್ತೀರಿ, ಇದನ್ನು ಯಾವತ್ತಾದರೂ ಕೇಳಿದ್ದೀರಾ? ಯುಪಿಎಸ್ ಡಬ್ಬಿ ತಿರುಗಿಸಿ ನೋಡಿ. 2011ರ ಪೊಟ್ಟಣ ಸಾಮಗ್ರಿ ನಿಯಮದ ಪ್ರಕಾರ ಡಬ್ಬಿಯ ಮೇಲಿನ ವಿವರ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಇದ್ದರೆ ಸಾಕು. ಕನ್ನಡ ಬೇಕಿದ್ದರೆ ಜೊತೆಗೆ ಹಾಕಬಹುದು, ಹಾಕಲೇಬೇಕೆಂದಿಲ್ಲ. ದುಡ್ಡು ಕನ್ನಡಿಗನದು, ಡಬ್ಬಿ ಯಾರಿಗೆ?

2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಕಂಪನಿಯ ಒಂದು ತಪ್ಪು ಅಪ್‌ಡೇಟಿನಿಂದ ಜಗತ್ತಿನ ಸುಮಾರು 85 ಲಕ್ಷ ಕಂಪ್ಯೂಟರ್‌ಗಳು ನೀಲಿ ಪರದೆ ತೋರಿಸಿ ಕೂತವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದು ಕೊಟ್ಟರು. ಅವತ್ತು ನಿದ್ದೆಗೆಟ್ಟು ಪರದೇಶದ ಯಂತ್ರಗಳನ್ನು ಎಬ್ಬಿಸಿದವರಲ್ಲಿ ಕನ್ನಡದ ಮಕ್ಕಳು ಕಡಿಮೆಯೇ? ವಿದ್ಯೆ ನಿಮ್ಮಲ್ಲಿದೆ. ಕನ್ನಡದಲ್ಲಿ ಬರೆಯಲು ನಾಚಿಕೆ, ಅಷ್ಟೇ.

ಬರೆಯಿರಿ. ರೀಸ್ಟಾರ್ಟ್ ಆದರೆ ಮೊದಲು ಏನು ನೋಡಬೇಕು, ಫಾರ್ಮ್ಯಾಟಿಗೆ ಮುಂಚೆ ಏನು ಉಳಿಸಿಕೊಳ್ಳಬೇಕು, ಅಂಗಡಿಯವನಿಗೆ ಏನು ಕೇಳಬೇಕು, ಎರಡು ಪುಟ ಸಾಕು. ನಿಮ್ಮ ಅಮ್ಮನಿಗೆ ಓದಿ ಹೇಳಿ, ಅವರಿಗೆ ತಿಳಿಯದ ಸಾಲು ಹೊಡೆದುಹಾಕಿ, ಈ ಪತ್ರಿಕೆಗೆ ಕಳಿಸಿ. ಕಾಗದ ನನ್ನದು, ಮಸಿ ನನ್ನದು. ಶೃಂಗೇರಿ, ಕೊಪ್ಪ, ನರಸಿಂಹರಾಜಪುರದ ಮನೆಮನೆಗೆ ಹಂಚುವ ಕೆಲಸವೂ ನನ್ನದೇ. ಮೇ ತಿಂಗಳ ಗುಡುಗು ಶುರುವಾಗುವ ಮೊದಲು ನನ್ನ ಮೇಜಿಗೆ ಬರಬೇಕು.