ಚಾಪೆಲ್ ಕರಾಚಿಗೆ ಹೋಗಿರಲಿಲ್ಲ

ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ನಿಂತಿರುವ ಐಎನ್‌ಎಸ್ ಚಾಪೆಲ್, 1971ರ ಯುದ್ಧದಲ್ಲಿ ಕರಾಚಿ ಬಂದರಿಗೆ ಬೆಂಕಿ ಇಟ್ಟ ಹಡಗಂತೆ. ಪ್ರವಾಸದ ಜಾಲತಾಣಗಳಲ್ಲಿ ಹೀಗೆ ಓದಲು ಸಿಗುತ್ತದೆ. ಅದು ನಿಜವಲ್ಲ. ಚಾಪೆಲ್ ನೌಕಾಪಡೆಗೆ ಸೇರಿದ್ದೇ 1976ರಲ್ಲಿ. ಹುಟ್ಟುವ ಮೊದಲೇ ಯುದ್ಧ ಗೆದ್ದ ಹಡಗು ನಮ್ಮ ಜಿಲ್ಲೆಯಲ್ಲಿದೆ!

ಇತಿಹಾಸದ ಮಾಸ್ತರಿಕೆ ಮಾಡಿ ನಿವೃತ್ತನಾದವನಿಗೆ ಇಸವಿ ಕಂಡರೆ ಸುಮ್ಮನಿರಲು ಆಗುವುದಿಲ್ಲ. ಮೊಮ್ಮಗಳನ್ನು ಚಾಪೆಲ್ ತೋರಿಸಲು ಕರೆದೊಯ್ದಿದ್ದೆ. ಕಡಿದಾದ ಏಣಿ ಇಳಿದು ಸಮವಸ್ತ್ರದ ಬೊಂಬೆಗಳನ್ನು ನೋಡಿ ಬಂದವಳು, ‘ಅಜ್ಜ, ಕರಾಚಿಗೆ ಹೊಡೆದದ್ದು ಇದೇ ಹಡಗಾ?’ ಎಂದಳು. ಮನೆಗೆ ಬಂದು ಇಬ್ಬರೂ ಮೊಬೈಲ್ ಹಿಡಿದು ಕೂತೆವು. ಒಂದು ತಾಣದ ಸಾಲು ಇನ್ನೊಂದರಲ್ಲಿ ಹಾಗೇ ಇತ್ತು. ಹತ್ತು ಕಡೆ ಇದ್ದರೂ ಅದು ಒಂದೇ ಸಾಕ್ಷಿ. ನೌಕಾಪಡೆಯ ಹಡಗುಗಳ ಪಟ್ಟಿ ಹುಡುಕಿದಾಗ ಗಂಟು ಬಿಚ್ಚಿತು. ಯುದ್ಧದ ಹೊತ್ತಿಗೆ ನಮ್ಮಲ್ಲಿದ್ದದ್ದು ಸೋವಿಯತ್ ಒಕ್ಕೂಟದಿಂದ ತಂದ ಎಂಟು ‘ಓಸಾ’ ಕ್ಷಿಪಣಿ ದೋಣಿಗಳು. ಚಾಪೆಲ್ ಅವುಗಳ ನಂತರದ ತಂಡದ್ದು. ಕರಾಚಿಯ ದಾಳಿಯಿಂದ ಈ ದೋಣಿಪಡೆಗೆ ‘ಕಿಲ್ಲರ್ಸ್’ ಎಂಬ ಹೆಸರು ಅಂಟಿಕೊಂಡಿತ್ತು. ಅಣ್ಣಂದಿರ ಕೀರ್ತಿ ತಮ್ಮನ ಹೆಸರಿಗೆ ಬಿದ್ದದ್ದು ಅಲ್ಲಿಂದಲೇ ಇರಬೇಕು.

ಹಾಗಾದರೆ ಕರಾಚಿಗೆ ಹೋದವರು ಯಾರು? 1971ರ ಡಿಸೆಂಬರ್ 4ರ ರಾತ್ರಿ ಹೋದವು ನಿರ್ಘಾತ್, ನಿಪಾತ್, ವೀರ್ ಎಂಬ ಕ್ಷಿಪಣಿ ದೋಣಿಗಳು. ಜೊತೆಗೆ ಕಿಲ್ತಾನ್, ಕಚ್ಚಾಲ್ ಎಂಬ ದೊಡ್ಡ ಹಡಗುಗಳು. ಮುಂದಾಳು ಬಬ್ರುಭಾನ್ ಯಾದವ್. ಈ ದೋಣಿಗಳು ತಮ್ಮ ದಂಡೆ ಕಾಯಲೆಂದು ಕಟ್ಟಿದವು, ದೂರ ಹೋಗಲು ಇಂಧನ ಸಾಲದು. ಅದಕ್ಕೇ ದೊಡ್ಡ ಹಡಗುಗಳಿಂದ ಎಳೆಸಿಕೊಂಡು ಹೋಗುವ ಉಪಾಯ ಹೂಡಿದ್ದರು. ಸಿಬ್ಬಂದಿ ಕಲಿತದ್ದು ಸೋವಿಯತ್ ನೆಲದಲ್ಲಿ. ಕದ್ದು ಕೇಳುವವರಿಗೆ ತಿಳಿಯದಿರಲೆಂದು ರೇಡಿಯೋದಲ್ಲಿ ರಷ್ಯನ್ ಭಾಷೆಯಲ್ಲೇ ಮಾತಾಡಿಕೊಂಡರಂತೆ. ನಿರ್ಘಾತ್‌ನ ಕ್ಷಿಪಣಿಗೆ ಪಾಕಿಸ್ತಾನದ ಖೈಬರ್ ಹಡಗು ಮುಳುಗಿತು, ವೀರ್ ಮುಳುಗಿಸಿದ್ದು ಅವರದೇ ಮುಹಾಫಿಜ್ ಹಡಗನ್ನು. ಕರಾಚಿ ಬಂದರಿನ ಕೆಮಾರಿಯ ತೈಲ ತೊಟ್ಟಿಗಳತ್ತ ಕ್ಷಿಪಣಿ ಬಿಟ್ಟದ್ದು ನಿಪಾತ್. ಡಿಸೆಂಬರ್ 8ರ ರಾತ್ರಿ ವಿನಾಶ್ ಎಂಬ ಇನ್ನೊಂದು ದೋಣಿ ಹೋಗಿ ಕರಾಚಿಗೆ ಮತ್ತೆ ಹೊಡೆಯಿತು. ನಾವು ಡಿಸೆಂಬರ್ 4ರಂದು ನೌಕಾಪಡೆ ದಿನ ಆಚರಿಸುವುದು ಆ ಮೊದಲ ರಾತ್ರಿಯ ನೆನಪಿಗೆ.

ಪ್ರವಾಸಿಗರಿಗೆ ಒಂದು ರೋಚಕ ಕತೆ ಇದ್ದರೇನು ನಷ್ಟ ಎಂದು ಗೆಳೆಯರೊಬ್ಬರು ಕೇಳಿದರು. ನಷ್ಟ ಇದೆ. ಚಾಪೆಲ್‌ಗೆ ಕೊಟ್ಟ ಪದಕ ನಿರ್ಘಾತ್‌ನ ಎದೆಯಿಂದ ಕಿತ್ತದ್ದು. ಆ ಯುದ್ಧದಲ್ಲಿ ನಾವೂ ಬೆಲೆ ತೆತ್ತಿದ್ದೇವೆ. ಡಿಸೆಂಬರ್ 9ರಂದು ಪಾಕಿಸ್ತಾನದ ಜಲಾಂತರ್ಗಾಮಿ ಹ್ಯಾಂಗೋರ್, ದೀವ್ ಸಮೀಪ ನಮ್ಮ ಯುದ್ಧನೌಕೆ ಖುಕ್ರಿಯನ್ನು ಮುಳುಗಿಸಿತು. 18 ಅಧಿಕಾರಿಗಳು, 176 ನಾವಿಕರು ತೀರಿಕೊಂಡರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗು ಬಿಟ್ಟು ಬರಲಿಲ್ಲ. ದೀವ್‌ನಲ್ಲಿ ಅವರ ಸ್ಮಾರಕವಿದೆ. ಅದೇ ಹೆಸರಿನ, 1989ರಲ್ಲಿ ಸೇವೆಗೆ ಸೇರಿದ ಇನ್ನೊಂದು ಖುಕ್ರಿಯನ್ನೂ 2022ರಲ್ಲಿ ದೀವ್‌ಗೆ ಒಪ್ಪಿಸಿದರು. ಮುಂದೊಂದು ದಿನ ಅದನ್ನು ತೋರಿಸಿ, ‘ಮುಳುಗಿದ ಹಡಗು ಇದೇ’ ಎನ್ನುವವರೂ ಹುಟ್ಟಿಕೊಂಡಾರು.

ಚಾಪೆಲ್‌ಗೆ ಎರವಲು ಕೀರ್ತಿ ಬೇಕಿಲ್ಲ. 2005ರವರೆಗೆ ದುಡಿದ ಹಡಗು ಅದು. ಅದರ ನಿರ್ವಹಣೆಯ ಹೊಣೆ ಹೊತ್ತವರಲ್ಲಿ ನನ್ನ ಕೋರಿಕೆ ಒಂದೇ: ಹತ್ತುವ ಏಣಿಯ ಪಕ್ಕದಲ್ಲೇ, ದೊಡ್ಡ ಕನ್ನಡ ಅಕ್ಷರಗಳಲ್ಲಿ ಚಾಪೆಲ್ ಸೇವೆಗೆ ಸೇರಿದ ಇಸವಿ ಇರಲಿ. ಅದರ ಕೆಳಗೆ ಕರಾಚಿಗೆ ಹೋದ ದೋಣಿಗಳ ಹೆಸರೂ ಇರಲಿ.